ಕೆಂಪು ಬಾಳೆ, ಬಿಳಿ ಹೊಗೆ, ನನ್ನ ಒದ್ದೆ ಟವೆಲ್

ಕಳೆದ ಬುಧವಾರದಿಂದ ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ನಾನು ಹೊರಗೆ ಓಡುತ್ತೇನೆ.

ಸುಳ್ಳಲ್ಲ. ಮೊನ್ನೆ ಬೇಳೆ ಬೇಯುತ್ತಿತ್ತು. ಮೊದಲ ಸೀಟಿಗೆ ಕೈಯಲ್ಲಿದ್ದ ಪೇಪರ್ ಬಿತ್ತು. ಎರಡನೆಯದಕ್ಕೆ ನಾನು ಬನಿಯನ್ ಮೇಲೆ ಓಣಿಯಲ್ಲಿದ್ದೆ. ಶಹಾಬಜಾರದ ನಮ್ಮ ಓಣಿ ಎಷ್ಟು ಅಗಲ ಎನ್ನುವುದು ನಿಮಗೆ ಗೊತ್ತು. ಎರಡು ಹೆಜ್ಜೆ ಓಡಿದರೆ ಎದುರು ಮನೆಯವರ ಕಟ್ಟೆ.

"ಯಾಕ್ರೀ, ಮನ್ಯಾಗ ಹಾವು ಬಂತೇನು?" ಎಂದರು ಅವರು.

"ಇಲ್ರೀ, ಬ್ಯಾಳಿ ಕುದಿಯಾಕತ್ತದ" ಎಂದೆ.

ಅವರು ಕಟ್ಟೆಯಿಂದ ಎದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಏನು ಮಾಡಲಿ ಹೇಳಿ? ನಾನು ಬುಧವಾರ ಮಟಮಟ ಮಧ್ಯಾಹ್ನ ಹನ್ನೊಂದು ಜನರನ್ನು ಕೊಲ್ಲಲು ಹೊರಟವನು. (ಆ ಹನ್ನೊಂದರಲ್ಲಿ ನಾನೂ ಒಬ್ಬ.) ಅದೂ ಒಳ್ಳೆಯ ಮನಸ್ಸಿನಿಂದ. ಅದೂ ಒಂದು ಒದ್ದೆ ಟವೆಲ್ ಬಳಸಿ. ಮೊದಲಿನಿಂದ ಹೇಳುತ್ತೇನೆ, ಕೇಳಿ.

ವೃಂದಾ ನನ್ನ ಅಕ್ಕನ ಮಗಳು. ನಮ್ಮ ಮನೆಯಲ್ಲೇ ಇದ್ದುಕೊಂಡು ಎಂ.ಎಸ್ಸಿ. ಬಯೋಟೆಕ್ನಾಲಜಿ ಓದುತ್ತಿದ್ದಾಳೆ. ನಮ್ಮ ಊರಿಗೆ ಹೊಸ ಕೋರ್ಸು. ಎರಡು ವರ್ಷದಲ್ಲಿ ಮನೆಗೆ ಬಂದ ಪ್ರತಿಯೊಬ್ಬ ನೆಂಟರೂ ಅವಳಿಗೆ ಸಲಹೆ ಕೊಟ್ಟಿದ್ದಾರೆ. ಬಿ.ಎಡ್. ಮಾಡು. ಬ್ಯಾಂಕ್ ಪರೀಕ್ಷೆ ಬರಿ. ಕಂಪ್ಯೂಟರ್ ಕ್ಲಾಸಿಗೂ ಹೋಗು. ಪಿಎಚ್.ಡಿ. ಎಂಬ ಮಾತು ಮಾತ್ರ ಎತ್ತಬೇಡ, ವರ ಸಿಗುವುದಿಲ್ಲ. ನನ್ನ ಹೆಂಡತಿಯಂತೂ ಅವಳ ಕೋರ್ಸನ್ನು ಬಂದವರಿಗೆಲ್ಲ ತಾನೇ ವಿವರಿಸುತ್ತಾಳೆ: "ಡಾಕ್ಟರ್ ಇದ್ದಂಗ, ಆದ್ರ ಪೇಶಂಟ್ ಇರಂಗಿಲ್ಲ."

ಏನು ಓದುತ್ತಿದ್ದೀಯಮ್ಮಾ ಎಂದು ಕೇಳಿದವರು ಒಬ್ಬರೂ ಇಲ್ಲ. ನಾನೂ ಕೇಳಿರಲಿಲ್ಲ. ನನಗೆ ಕೇಳುವ ಅಗತ್ಯವೇ ಇರಲಿಲ್ಲ ಬಿಡಿ. ನಾನು ಬಿ.ಎಸ್ಸಿ. (ಸೆಕೆಂಡ್ ಕ್ಲಾಸ್. ಆಮೇಲೆ ಇಪ್ಪತ್ತು ವರ್ಷ ಸರ್ಕಾರಿ ಕಚೇರಿಯ ಕಡತ. ಆದರೂ ವಿಜ್ಞಾನ ವಿಜ್ಞಾನವೇ ಅಲ್ಲವೇ?)

ಅವಳ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ನಮ್ಮ ಕಮಲಾಪುರದ ಕೆಂಪು ಬಾಳೆಯ ಮೇಲೆ. ಲ್ಯಾಬಿನ ಬಾಟಲಿಗಳಲ್ಲಿ ಬೆಳೆಸಿದ ಬಾಳೆಯ ಸಸಿಗಳನ್ನು ಅಲ್ಲಿಯ ಕೆಲವು ರೈತರು ನೆಟ್ಟಿದ್ದರು. ಎಲ್ಲ ಗಿಡಗಳೂ ಕೆಂಪು ಗೊನೆ ಬಿಟ್ಟವು. ಶಿವಶರಣಪ್ಪ ಎಂಬ ರೈತರ ತೋಟದಲ್ಲಿ ಒಂದೇ ಒಂದು ಗಿಡ ಹಸಿರು ಗೊನೆ ಬಿಟ್ಟಿತು. ಅದೇ ಬಾಟಲಿ, ಅದೇ ಮಣ್ಣು, ಅದೇ ನೀರು. ಮತ್ತೆ ಯಾಕೆ ಹೀಗೆ? ಎರಡೂ ಗಿಡಗಳ ಎಲೆಯ ಡಿಎನ್‌ಎ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು. ಅಷ್ಟೇ ಅವಳ ಪ್ರಾಜೆಕ್ಟು.

ಆದರೆ ಕಿತ್ತ ಎಲೆಯನ್ನು ಲ್ಯಾಬ್ ಮುಟ್ಟಿಸುವುದರೊಳಗೆ ನಮ್ಮ ಬಿಸಿಲು ಅದನ್ನು ಬೇಯಿಸಿಬಿಡುತ್ತದೆ. ಎರಡು ಸಲ ಐಸ್ ಡಬ್ಬಿಯಲ್ಲಿ ತಂದಳು. ಎರಡೂ ಸಲ ಐಸ್ ನೀರಾಯಿತು, ಎಲೆ ಪಲ್ಯವಾಯಿತು. ಅಷ್ಟರಲ್ಲಿ ಶಿವಶರಣಪ್ಪನವರಿಂದ ಫೋನ್ ಬಂತು. ಕೆಂಪು ತೋಟದಲ್ಲಿ ಹಸಿರು ತಳಿ ಬೆಳೆಯುವುದು ಅವರಿಗೆ ಬೇಡ. ಬುಧವಾರ ಆ ಗಿಡವನ್ನು ಗಡ್ಡೆ ಸಮೇತ ಕಿತ್ತು ಸುಡುವವರಿದ್ದರು. ಬೇಕಾದರೆ ಅದಕ್ಕೂ ಮೊದಲು ಬಂದು ಎಲೆ ಒಯ್ಯಿರಿ ಎಂದರು.

ಪ್ರಾಜೆಕ್ಟ್ ಒಪ್ಪಿಸಲು ಉಳಿದದ್ದು ಮೂರು ವಾರ. ಅವಳ ಗೈಡ್ ಸ್ಪಷ್ಟವಾಗಿ ಹೇಳಿದ್ದರಂತೆ: ಹಸಿರು ಗಿಡದ ಎಲೆ ಇಲ್ಲ ಎಂದರೆ ಪ್ರಾಜೆಕ್ಟ್ ಇಲ್ಲ. ಹೊಸ ವಿಷಯ ಹಿಡಿದು ಮುಂದಿನ ವರ್ಷ ಬನ್ನಿ. ಅಂದರೆ ಒಂದು ಎಲೆ, ಒಂದು ವರ್ಷ.

ಈಗ ಉಳಿದ ದಾರಿ ಒಂದೇ. ಲಿಕ್ವಿಡ್ ನೈಟ್ರೋಜನ್. ಗಾಳಿಯಲ್ಲಿರುವ ಸಾರಜನಕವನ್ನೇ ತಣ್ಣಗೆ ಮಾಡಿ ಮಾಡಿ ನೀರಿನಂತೆ ಮಾಡಿದ್ದು ಅದು. ಅದರೊಳಗೆ ಎಲೆ ಇಟ್ಟರೆ ಕೆಡುವ ಮಾತೇ ಇಲ್ಲ. ನಮ್ಮ ಕಡೆ ಅದು ದನಕರುಗಳ ಕೃಪೆಯಿಂದ ಸಿಗುತ್ತದೆ. ಹೋರಿಯ ವೀರ್ಯವನ್ನು ಕೆಡದಂತೆ ಇಡಲು ಪಶುವೈದ್ಯರು ಬಳಸುವುದು ಅದನ್ನೇ. ಪರಿಚಯದ ವೈದ್ಯರೊಬ್ಬರು ಒಂದು ಸಣ್ಣ ಕ್ಯಾನ್ ಕೊಟ್ಟರು. ಹಾಲಿನ ಕ್ಯಾನಿನ ತಮ್ಮನ ಹಾಗಿತ್ತು. ಸಣ್ಣ ಕೊರಳು, ಕೊರಳಿನಲ್ಲಿ ಸಡಿಲವಾದ ಒಂದು ಬೂಚು. ಬೂಚಿನ ಸಂದಿಯಿಂದ ಬಿಳಿ ಹೊಗೆ ಎಳೆಎಳೆಯಾಗಿ ಹೊರಬರುತ್ತಿತ್ತು.

ಹುಡುಗಿಯೊಬ್ಬಳನ್ನೇ ಇಂಥ ಡಬ್ಬಿಯ ಜೊತೆ ಹೇಗೆ ಕಳಿಸುವುದು? ಏನಾದರೂ ಹೆಚ್ಚುಕಡಿಮೆಯಾದರೆ? ರಕ್ಷಣೆಗೊಬ್ಬ ಗಂಡಸು ಬೇಡವೇ? ನಾನು ರಜೆ ಹಾಕಿದೆ.

ಹೊರಡುವಾಗ ಅವಳು ಹೇಳಿದಳು. "ಮಾಮಾ, ಈ ಬೂಚು ಸಡಲೇ ಇರಬೇಕು. ಬಿಗಿ ಮಾಡಬ್ಯಾಡ್ರಿ. ಯಾಕಂದ್ರ..."

"ಗೊತ್ತದ ಬಿಡವ್ವಾ" ಎಂದೆ. "ನಾನೂ ಸೈನ್ಸ್ ಓದೀನಿ."

ಆ 'ಯಾಕಂದ್ರ'ದ ಮುಂದಿನ ಮಾತನ್ನು ನಾನು ಕೇಳಿಸಿಕೊಳ್ಳಬೇಕಿತ್ತು.

ಕಮಲಾಪುರದಲ್ಲಿ ಇಳಿದು ಐದು ನಿಮಿಷವಾಗಿರಲಿಲ್ಲ, ಸುತ್ತ ಜನ ಸೇರಿದರು. ಆ ಕ್ಯಾನನ್ನು ಹಳ್ಳಿಯ ಜನ ಚೆನ್ನಾಗಿ ಬಲ್ಲರು. ದನದ ಡಾಕ್ಟರು ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಬರುವ ಕ್ಯಾನು ಅದು. ರುಮಾಲಿನವರೊಬ್ಬರು ವೃಂದಾಳಿಗೆ ಕೈಮುಗಿದರು.

"ಡಾಕ್ಟರ್ ಬಾಯಿ, ನಮ್ಮ ಎಮ್ಮಿ ನಿನ್ನಿಯಿಂದ ಬೆದಿಗಿ ಬಂದು ಒದರಾಕತ್ತದರಿ. ಇಲ್ಲೇ ಮಗ್ಗಲಕ್ಕ ಮನಿ. ಹತ್ತು ನಿಮಿಷದ ಕೆಲಸ."

ನಾನು ನಡುವೆ ಬಂದೆ. "ಅಕಿ ಡಾಕ್ಟರ್ ಅಲ್ರೀ."

"ಮತ್ತ ಕಂಪೌಂಡರ್ ಏನ್ರಿ? ನಡೀತದ. ಹೋದ ಸಲಾನೂ ಕಂಪೌಂಡರೇ ಮಾಡಿದ್ದ."

"ಅಕಿ ಇನ್ನಾ ಎಂ.ಎಸ್ಸಿ. ಓದಾಕತ್ಯಾಳ್ರೀ."

"ಓದ್ಲಿರಿ. ಎಮ್ಮಿ ಏನು ಸರ್ಟಿಫಿಕೇಟ್ ಕೇಳ್ತದೇನು?"

ಮದುವೆಯಾಗದ ಹುಡುಗಿಯ ಪಕ್ಕ ನಿಂತು ಎಮ್ಮೆಯ ಸಂಸಾರದ ಬಗ್ಗೆ ಚರ್ಚೆ ಮಾಡುವುದಿದೆಯಲ್ಲ, ಶತ್ರುವಿಗೂ ಬೇಡ. ನಾನು ಆಕಾಶ ನೋಡಿದೆ. ವೃಂದಾ ಮಾತ್ರ ಸ್ವಲ್ಪವೂ ಮುಜುಗರವಿಲ್ಲದೆ ಹೇಳಿದಳು, "ಕಾಕಾ, ಇದ್ರಾಗ ಎಮ್ಮಿದು ಏನೂ ಇಲ್ಲ. ಬಾಳಿ ಎಲಿ ಇಡಾಕ ಬಂದೀನಿ."

ಅವರು ಬಗ್ಗಿ ಕ್ಯಾನಿನ ಹೊಗೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಬಾಳಿ ಎಲಿ ತಿನಿಸಿದ್ರ ಗಬ್ಬ ಕಟ್ಟತದೇನವ್ವಾ?"

ಉತ್ತರಕ್ಕಾಗಿ ಇನ್ನೂ ನಾಲ್ವರು ಕಿವಿ ಮುಂದೆ ತಂದರು.

ಅಲ್ಲಿಂದ ತಪ್ಪಿಸಿಕೊಂಡು ಶಿವಶರಣಪ್ಪನವರ ತೋಟ ತಲುಪಿದೆವು. ಅಲ್ಲಿ ನಾನು ಬೇರೆಯದೇ ವೃಂದಾಳನ್ನು ನೋಡಿದೆ. ದಪ್ಪ ಗ್ಲೌಸ್ ಹಾಕಿಕೊಂಡಳು. ಹಸಿರು ಗಿಡದ ಎಳೆಯ ಎಲೆ ಕತ್ತರಿಸಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ನಂಬರ್ ಬರೆದು ಕ್ಯಾನಿಗೆ ಇಳಿಸಿದಳು. ಕಾದ ಹಂಚಿಗೆ ನೀರು ಬಿದ್ದಂತೆ ಚುರ್ ಎಂದಿತು. ಕೆಂಪು ಗಿಡದ್ದೂ ಹಾಗೆಯೇ. ಒಂದು ಮಾತಿಲ್ಲ, ಒಂದು ತಪ್ಪು ಹೆಜ್ಜೆಯಿಲ್ಲ. ನಮ್ಮ ಮನೆಯಲ್ಲಿ ಕಾಫಿ ಲೋಟ ಎಲ್ಲಿಟ್ಟೆ ಎಂದು ಹುಡುಕುವ ಹುಡುಗಿಯೇ ಇವಳು?

"ಆತೇನವ್ವಾ?" ಎಂದರು ಶಿವಶರಣಪ್ಪ.

"ಆತ್ರಿ."

ಅವರು ಸಲಿಕೆ ಎತ್ತಿದರು. ನಾವು ಬದು ದಾಟುವುದರೊಳಗೆ ಹಸಿರು ಗಿಡ ನೆಲಕ್ಕೊರಗಿತ್ತು. ಇನ್ನು ಪ್ರಪಂಚದಲ್ಲಿ ಆ ಗಿಡ ಉಳಿದದ್ದು ನಮ್ಮ ಕ್ಯಾನಿನಲ್ಲಿ ಮಾತ್ರ.

ವಾಪಸ್ ಬರಲು ಬಸ್ಸಿರಲಿಲ್ಲ. ಖಾಜಾ ಎಂಬುವರ ಸರ್ವಿಸ್ ಜೀಪು ಹತ್ತಿದೆವು. ಶಿವಶರಣಪ್ಪನವರ ತಾಯಿ ನೀಲಮ್ಮನವರೂ ಜೊತೆಗೆ ಬಂದರು, ಶರಣಬಸವೇಶ್ವರರ ಗುಡಿಗೆ ಹೋಗಿಬರಲು. ಹೆಣ್ಣುಮಕ್ಕಳ ಸೀಟು ಎಂದು ವೃಂದಾಳನ್ನು ಡ್ರೈವರ್ ಪಕ್ಕ ಕೂರಿಸಿದರು. ಅಲ್ಲಿ ಕಾಲಿಡಲೂ ಜಾಗವಿಲ್ಲ. ಹಾಗಾಗಿ ಕ್ಯಾನು ಹಿಂದೆ ನನ್ನ ಎರಡು ಮೊಣಕಾಲುಗಳ ನಡುವೆ ಬಂತು. ಎದುರಿಗೆ ನೀಲಮ್ಮ.

ಮೇ ತಿಂಗಳ ಬಿಸಿಲು. ನಮ್ಮ ಊರಿನ ಬೇಸಿಗೆಯಲ್ಲಿ ಎಲ್ಲದಕ್ಕೂ ಔಷಧ ಒಂದೇ, ಒದ್ದೆ ಬಟ್ಟೆ. ಕೊಡಕ್ಕೆ ಒದ್ದೆ ಬಟ್ಟೆ, ಬಾಟಲಿಗೆ ಒದ್ದೆ ಬಟ್ಟೆ, ಕಿಟಕಿಗೆ ಒದ್ದೆ ಬಟ್ಟೆ. ನನ್ನ ತಲೆಯ ಮೇಲೂ ಒಂದು ಒದ್ದೆ ಟವೆಲ್ ಇತ್ತು.

ನೀಲಮ್ಮ ಕ್ಯಾನನ್ನೇ ನೋಡುತ್ತಿದ್ದರು. "ಸಾಯೇಬ್ರ, ಹೊಗಿ ಬರಾಕತ್ತದಲ್ರಿ?"

"ಹೊಗಿ ಅಲ್ಲವ್ವಾ, ಅದು ತಂಪು" ಎಂದು ವಿಜ್ಞಾನ ತಿಳಿಸಿಕೊಟ್ಟೆ.

"ತಂಪಂದ್ರ ಹೀಂಗ ಯಾಕ ಬಿಟ್ಟೀರಿ? ಈ ಬಿಸಲಾಗ ಊರು ಮುಟ್ಟೂದ್ರಾಗ ಎಲ್ಲಾ ಹಾರಿ ಹೋಗ್ತದ. ಹುಡುಗಿ ಎಲಿ ಕೆಡತಾವ. ಹಸಿ ಅರಬಿ ತುರುಕ್ರಿ."

ಎಷ್ಟು ಸರಿಯಾದ ಮಾತು! ಐಸ್ ಹೀಗೆಯೇ ತಾನೇ ಎರಡು ಸಲ ಕೈಕೊಟ್ಟದ್ದು? ಮುಂದಿನ ಸೀಟಿನಲ್ಲಿ ಕೂತವಳನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಬೂಚು ಬಿಗಿ ಮಾಡಬೇಡಿ ಎಂದಿದ್ದಳಲ್ಲವೇ? ನಾನು ಬೂಚು ಮುಟ್ಟಲೇ ಇಲ್ಲ. ತಲೆಯ ಮೇಲಿನ ಟವೆಲ್ ತೆಗೆದು, ಬೂಚಿನ ಸುತ್ತ ಸಂದಿಗೊಂದಿಯಲ್ಲೆಲ್ಲ ತುರುಕಿದೆ. ನೀಲಮ್ಮ ತಮ್ಮ ಬಾಟಲಿಯಿಂದ ಮೇಲೊಂದಿಷ್ಟು ನೀರು ಹಾಕಿದರು. (ಇಪ್ಪತ್ತು ವರ್ಷ ಕಡತ ನೋಡಿದವನ ಬುದ್ಧಿ ಇದು. ಆದೇಶದ ಅಕ್ಷರ ಪಾಲಿಸಿದೆ, ಅರ್ಥ ಕೊಂದೆ.)

ಹೊಗೆ ನಿಂತಿತು. ನೀಲಮ್ಮ ನನ್ನನ್ನು ಮೆಚ್ಚುಗೆಯಿಂದ ನೋಡಿದರು.

ಆಮೇಲೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಟವೆಲ್ ಮುಟ್ಟಿದೆ. ಆಹಾ, ತಂಪು! ಮುಂದಕ್ಕೆ ಬಾಗಿದೆ. ಆ ಕ್ಯಾನಿನ ಬಾಯಿಯ ಮೇಲೆ ಗದ್ದ ಊರಿದೆ. ಕಣ್ಣು ಮುಚ್ಚಿದೆ.

ಎಷ್ಟು ಹೊತ್ತು ಹಾಗಿದ್ದೆನೋ. ವೃಂದಾ ಆಗಾಗ ಹಿಂದೆ ತಿರುಗಿ ನೋಡುತ್ತಿದ್ದಳಂತೆ. ಅವಳ ದನಿಗೆ ಎಚ್ಚರವಾಯಿತು.

"ಮಾಮಾ, ಹೊಗಿ ಯಾಕ ಕಾಣವಲ್ದು?"

"ಬಂದ್ ಮಾಡೀನಿ" ಎಂದೆ, ಹೆಮ್ಮೆಯಿಂದ.

ಅವಳ ಮುಖದ ಬಣ್ಣ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

"ಗಾಡಿ ನಿಲ್ಲಸ್ರಿ! ಎಲ್ಲಾರೂ ಇಳೀರಿ! ದೂರ ಓಡ್ರಿ!"

ಜೀಪು ನಿಂತಿತು. ಯಾರೂ ಓಡಲಿಲ್ಲ. ನಮ್ಮ ಕಡೆ ಓಡಿ ಎಂದರೆ ಓಡುವವರು ಯಾರು? "ಮಹಾಗಾಂವ್ ಕ್ರಾಸ್ ಇನ್ನಾ ಬಂದಿಲ್ಲಲ್ಲ?" ಎಂದರೊಬ್ಬರು. ಇನ್ನೊಬ್ಬರು ಸೀಟಿನ ಕೆಳಗೆ ಚಪ್ಪಲಿ ಹುಡುಕಿದರು. ಖಾಜಾ, "ಕ್ಯಾ ಹುವಾ ಅಮ್ಮಾ? ಪೆಟ್ರೋಲ್ ವಾಸನಿ ಬಂತಾ?" ಎಂದರು.

"ಬಾಂಬ್ ಇದ್ದಂಗ ಅದ ಕಾಕಾ, ಈ ಡಬ್ಬಿ!"

ಈಗ ಓಡಿದರು. ಚಪ್ಪಲಿ ಹುಡುಕುತ್ತಿದ್ದವರು ಎಲ್ಲರಿಗಿಂತ ಮುಂದೆ ಓಡಿದರು, ಬರಿಗಾಲಲ್ಲಿ.

ನಾನು ಓಡಲಿಲ್ಲ. ಧೈರ್ಯವಲ್ಲ, ಬಾಂಬನ್ನು ಕಾಲಲ್ಲಿ ಹಿಡಿದವನು ಏಳುವುದು ಹೇಗೆ? ವೃಂದಾ ನನ್ನ ಮೊಣಕಾಲುಗಳ ನಡುವಿನಿಂದ ಕ್ಯಾನನ್ನು ಎತ್ತಿಕೊಂಡಳು. ಓಡಲಿಲ್ಲ ಅವಳು. ತುಂಬಿದ ಕೊಡ ತರುವವಳಂತೆ ಅಲುಗಾಡಿಸದೆ ನಡೆದು, ರಸ್ತೆ ಬದಿಯ ಖಾಲಿ ಹೊಲದಲ್ಲಿ ಇಳಿಸಿದಳು. ಟವೆಲಿನ ತುದಿ ಹಿಡಿದು ಎಳೆದಳು. ಬರಲಿಲ್ಲ. ಹಲಗೆಯಂತೆ ಹೆಪ್ಪುಗಟ್ಟಿತ್ತು. ಮತ್ತೆ ಎಳೆದಳು.

"ಬಿಟ್ಟು ಬಾರವ್ವಾ! ಎಲಿ ಹೋದ್ರ ಹೋಗ್ಲಿ!" ಎಂದು ಕೂಗಿದೆ.

ಅವಳು ಬಿಟ್ಟು ಬಂದಳು. ಆದರೆ ಎಲೆ ಬಿಡಲು ಬಂದಿರಲಿಲ್ಲ. "ಖಾಜಾ ಕಾಕಾ, ರೇಡಿಯೇಟರ್ ನೀರು ಬಿಸಿ ಇರ್ತದಲ್ರಿ? ಸ್ವಲ್ಪ ಕೊಡ್ರಿ. ಮ್ಯಾಲ ಸುರವಿದ್ರ ಐಸ್ ಕರಗ್ತದ."

ಖಾಜಾ ಬಾನೆಟ್ಟಿಗೆ ಕೈ ಹಾಕಿದ್ದರು, ಅಷ್ಟೇ.

ಢಬ್!

ಹೊಲದ ಹಕ್ಕಿಗಳೆಲ್ಲ ಒಮ್ಮೆಗೆ ಎದ್ದವು. ನನ್ನ ಟವೆಲ್ ಬೇವಿನ ಮರದ ಎತ್ತರಕ್ಕೆ ಹಾರಿತು. ಮೇಲೆ ಒಂದು ಗಳಿಗೆ ನಿಂತು ಯೋಚಿಸಿದಂತೆ ಮಾಡಿ, ಡಾಂಬರಿನ ಮೇಲೆ ಠಣ್ ಎಂದು ಬಿತ್ತು. ಟವೆಲ್ ಬಿದ್ದರೆ ಠಣ್ ಎನ್ನುತ್ತದೆಯೇ? ಅಂದು ಎಂದಿತು. ಎರಡು ತುಂಡಾಯಿತು.

ನಾನು ಗದ್ದ ಮುಟ್ಟಿ ನೋಡಿಕೊಂಡೆ. ಇತ್ತು.

ಅಂದಿನಿಂದ ದಿನಕ್ಕೆ ಹತ್ತು ಸಲವಾದರೂ ಮುಟ್ಟಿ ನೋಡಿಕೊಳ್ಳುತ್ತೇನೆ. ಕ್ಯಾನಿನ ಬಾಯಿ ಬಿಟ್ಟುಕೊಟ್ಟಿತು, ಸರಿ. ಹೊಟ್ಟೆಯೇ ಒಡೆದಿದ್ದರೆ? ಖಾಜಾ ಜೀಪನ್ನು ಎರಡು ಫರ್ಲಾಂಗ್ ಮುಂದೆ ನಿಲ್ಲಿಸಿದ್ದರೆ? ವೃಂದಾ ತಿರುಗಿ ನೋಡದೆ ನಿದ್ದೆ ಹೋಗಿದ್ದರೆ? ಒಂದು ಲೀಟರ್ ದ್ರವ ಗಾಳಿಯಾದರೆ ಆರೇಳು ನೂರು ಲೀಟರ್ ಆಗುತ್ತದೆ. ಜಾಗ ಕೊಡದಿದ್ದರೆ ತಾನೇ ಮಾಡಿಕೊಳ್ಳುತ್ತದೆ. ಇದೇ ಪಾಠ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು!

ವೃಂದಾ ಆಗಲೇ ಕ್ಯಾನಿನ ಬಳಿ ಓಡಿದ್ದಳು. ಒಣ ಕಡ್ಡಿಯೊಂದನ್ನು ಒಳಗೆ ಇಳಿಸಿ ಮೇಲೆತ್ತಿದಳು. ತುದಿಗೆ ಬಿಳಿ ಹಿಮ ಹಿಡಿದಿತ್ತು. ಬೆರಳಿಟ್ಟು ಅಳೆದಳು.

"ನಾಲ್ಕು ಬೆರಳು ಅದ" ಎಂದಳು. "ಎಲಿ ಇನ್ನಾ ಮುಳುಗ್ಯಾವ. ಈಗಿಂದೀಗ ಹೊಂಟ್ರ ಲ್ಯಾಬಿನ ತನಕ ಸಾಕು."

ಈಗ ಇನ್ನೊಂದು ತೊಂದರೆ. ಕ್ಯಾನನ್ನು ಜೀಪಿಗೆ ಹತ್ತಿಸಲು ಯಾರೂ ಒಪ್ಪಲಿಲ್ಲ. ಅಲ್ಲೇ ಹೂತುಬಿಡಿ ಎಂದರೊಬ್ಬರು. ಬಾವಿಗೆ ಹಾಕಿ ಎಂದರು ಇನ್ನೊಬ್ಬರು. ಪೊಲೀಸರಿಗೆ ಒಪ್ಪಿಸಿ ಎಂಬುದು ಮೂರನೆಯ ಸಲಹೆ. ಒಬ್ಬರಂತೂ, ಈ ಸಲ ಬಾಯಿಗೆ ಒದ್ದೆ ಗೋಣಿ ಕಟ್ಟಿದರೆ ಹಾರುವುದಿಲ್ಲ ಎಂದರು. ನಾಲ್ಕು ಬೆರಳು ಮೂರೂವರೆಯಾಗುತ್ತಿತ್ತು. ವೃಂದಾ ಮಾತಾಡಲು ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬರು ಹೊಸ ಸಲಹೆ ಕೊಡುತ್ತಿದ್ದರು.

ನೀಲಮ್ಮ ಕೈ ಎತ್ತಿದರು. "ಎಲ್ಲಾರೂ ಬಾಯಿ ಮುಚ್ಚರಿ. ಅರಬಿ ತುರುಕು ಅಂದಾಕಿ ನಾನೇ. ತಪ್ಪು ನಂದೇ." ಆಮೇಲೆ ವೃಂದಾಳ ಕಡೆ ತಿರುಗಿದರು. "ಅದ್ರಾಗ ಏನದ, ಯಾಕ ಹಾರ್ತು, ಈಗ ಏನು ಮಾಡಬೇಕು? ನೀ ಹೇಳು ನನ್ನವ್ವಾ."

ಎರಡು ವರ್ಷದಲ್ಲಿ ಅವಳ ಓದಿನ ಬಗ್ಗೆ ಯಾರೋ ಕೇಳಿದ ಮೊದಲ ಪ್ರಶ್ನೆ.

ಬೇವಿನ ನೆರಳಲ್ಲಿ ನಿಂತು ಅವಳು ಎರಡೇ ನಿಮಿಷದಲ್ಲಿ ಹೇಳಿದಳು. ತಂಪು ನೀರು ಹೇಗೆ ಗಾಳಿಯಾಗುತ್ತದೆ, ಹೋಗಲು ದಾರಿ ಯಾಕೆ ಬೇಕು, ಹಸಿರು ಗಿಡದ ಎಲೆ ಯಾಕೆ ಬೇಕು. ಒಂದೂ ದೊಡ್ಡ ಶಬ್ದವಿಲ್ಲ. ನನಗೂ ಅರ್ಥವಾಯಿತು. "ಬಾಯಿ ಸಡಲ ಇದ್ರ ಏನೂ ಆಗಂಗಿಲ್ರಿ. ಕಮಲಾಪುರದ ತನಕ ಹಂಗೇ ತಂದಿದ್ದೆ" ಎಂದು ಮುಗಿಸಿದಳು.

ಖಾಜಾ ಗಡ್ಡ ಕೆರೆದುಕೊಂಡರು. "ಅಂದ್ರ ಡಬ್ಬಿ ಖರಾಬ್ ಇಲ್ಲ?"

"ಇಲ್ರಿ."

"ಖರಾಬ್ ಮಾಡಿದ್ದು ಟವೆಲ್?"

ಹತ್ತು ಜನ ನನ್ನ ಕಡೆ ನೋಡಿದರು. ರಸ್ತೆ ಬದಿಯಲ್ಲೇ ತೀರ್ಮಾನವಾಯಿತು: ಡಬ್ಬಿ ಬರಲಿ. ಸಾಯೇಬರು ದೂರ ಕೂಡಲಿ.

ವೃಂದಾ ಹಿಂದೆ ಕ್ಯಾನಿನ ಜೊತೆ ಕೂತಳು. ನನ್ನನ್ನು ಮುಂದೆ, ಖಾಜಾ ಅವರ ಕಣ್ಣಳತೆಯಲ್ಲಿ ಕೂರಿಸಿದರು. ಹೆಣ್ಣುಮಕ್ಕಳ ಸೀಟಿನಲ್ಲಿ. ದಾರಿಯುದ್ದಕ್ಕೂ ಹಿಂದಿನಿಂದ ಬಿಳಿ ಹೊಗೆ ಎಳೆಎಳೆಯಾಗಿ ಬರುತ್ತಿತ್ತು. ಅಷ್ಟು ಚೆಂದದ ಹೊಗೆಯನ್ನು ನಾನು ಜೀವನದಲ್ಲಿ ಕಂಡಿಲ್ಲ.

ಲ್ಯಾಬ್ ಮುಟ್ಟಿದಾಗ ಒಂದೂವರೆ ಬೆರಳು ಉಳಿದಿತ್ತು. ಎಲೆ ಡೀಪ್ ಫ್ರೀಜರ್ ಸೇರಿತು. ನಿನ್ನೆ ಡಿಎನ್‌ಎ ಬಂದಿದೆಯಂತೆ, ಎರಡೂ ಗಿಡಗಳದ್ದು, ಚೆನ್ನಾಗಿ. ಗೈಡ್ "ಗುಡ್" ಎಂದರಂತೆ. ಅವರು ಆ ಪದವನ್ನು ಸೆಮಿಸ್ಟರಿಗೊಮ್ಮೆ ಮಾತ್ರ ಬಳಸುತ್ತಾರಂತೆ.

ಈ ಒಂದು ವಾರ ಯೋಚಿಸಿ ನೋಡಿದೆ. ಸ್ಕೂಟರ್ ಕೆಟ್ಟು ನಿಂತವನಿಗೆ ಪ್ಲಗ್ ಬಿಚ್ಚಲು ಹೇಳುತ್ತೇವೆ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಬೇರೆ ಗುಳಿಗೆ ಹೇಳುತ್ತೇವೆ. ಓದುವ ಮಕ್ಕಳಿಗೆ ಬೇರೆ ಕೋರ್ಸ್ ಹೇಳುತ್ತೇವೆ. ಏನಾಗಿದೆ ಎಂದು ಕೇಳುವಷ್ಟು ಪುರುಸೊತ್ತು ಮಾತ್ರ ಯಾರಿಗೂ ಇಲ್ಲ. ಸಹಾಯ ಮಾಡುವ ಅವಸರವಲ್ಲವೇ?

ನಿನ್ನೆ ಸಂಜೆ ಧೈರ್ಯ ಮಾಡಿ ಅವಳನ್ನು ಕೇಳಿದೆ, "ವೃಂದಾ, ಇನ್ನ ಎರಡು ವಾರ ಅದ. ನಿನ್ನ ಪ್ರಾಜೆಕ್ಟಿಗಿ ನಾ ಏನು ಮಾಡ್ಲಿ?"

ಅವಳು ಪುಸ್ತಕದಿಂದ ತಲೆ ಎತ್ತಿದಳು. ನಕ್ಕಳು. "ಏನೂ ಮಾಡಬ್ಯಾಡ್ರಿ ಮಾಮಾ. ಕೈ ಕಟ್ಕೊಂಡು ಸುಮ್ಮ ಕೂಡ್ರಿ, ಸಾಕು."

ಕೈ ಕಟ್ಟಿಕೊಂಡು ಸುಮ್ಮನೆ ಕೂಡುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಹೇಳಿ, ನಾಳೆಯೇ ಅರ್ಜಿ ಹಾಕುತ್ತೇನೆ.